ನೆರೆಮನೆಯ ಪಥ್ಯ ಎಲ್ಲರಿಗೂ ಹಿತವಲ್ಲ: ಮೆಟಬಾಲಿಕ್ ಸಿಂಡ್ರೋಮ್‌ಗೆ ಅವರವರದೇ ಆಹಾರಕ್ರಮ

ಕಚೇರಿಯ ನಿಯಮಕ್ಕೋ ಮನೆಯವರ ಒತ್ತಾಯಕ್ಕೋ ಮಣಿದು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳುವ ನಗರವಾಸಿಗಳು ಈಗ ಕಡಿಮೆಯೇನಿಲ್ಲ. ವರದಿ ಕೈಗೆ ಬಂದಾಗ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರಗಳಲ್ಲಿ ಮುದ್ರಿತವಾದ ಅಂಕಿಗಳತ್ತ. ಖಾಲಿ ಹೊಟ್ಟೆಯ ಸಕ್ಕರೆ ಪ್ರಮಾಣ 108. ರಕ್ತದೊತ್ತಡ 134/86. ಟ್ರೈಗ್ಲಿಸರೈಡ್ 180. ‘ಎಲ್ಲವೂ ಸ್ವಲ್ಪ ಹೆಚ್ಚು, ಅಷ್ಟೇ. ಮಧುಮೇಹವಂತೂ ಇಲ್ಲವಲ್ಲ’ ಎಂಬ ಸಮಾಧಾನದೊಂದಿಗೆ ವರದಿ ಬೀರು ಸೇರುತ್ತದೆ. ಮುಂದಿನ ವರ್ಷದ ವರದಿಯಲ್ಲಿ ಅವೇ ಅಂಕಿಗಳು ಇನ್ನಷ್ಟು ಮೇಲೇರಿರುತ್ತವೆ.

ಬಿಡಿಬಿಡಿಯಾಗಿ ನೋಡಿದರೆ ಈ ‘ಸ್ವಲ್ಪ ಹೆಚ್ಚು’ಗಳಲ್ಲಿ ಯಾವುದೂ ದೊಡ್ಡ ಕಾಯಿಲೆಯಂತೆ ಕಾಣುವುದಿಲ್ಲ. ಆದರೆ ಒಬ್ಬರಲ್ಲೇ ಮೂರು ಒಟ್ಟುಗೂಡಿದರೆ ವೈದ್ಯವಿಜ್ಞಾನ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆಯುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಇದು ಚಯಾಪಚಯ ಕ್ರಿಯೆಯ ಏರುಪೇರಿನಿಂದ ಉಂಟಾಗುವ ಲಕ್ಷಣಗಳ ಕೂಟ. ಈ ಕೂಟ ಇರುವವರಿಗೆ ಹೃದ್ರೋಗದ ಸಂಭವ ಸುಮಾರು ಎರಡು ಪಟ್ಟು, ಮಧುಮೇಹದ ಸಂಭವ ಸುಮಾರು ಐದು ಪಟ್ಟು ಹೆಚ್ಚು. ನೋವಿಲ್ಲ, ಜ್ವರವಿಲ್ಲ, ಸುಸ್ತೂ ಅಷ್ಟಾಗಿ ಇರುವುದಿಲ್ಲ. ಆದ್ದರಿಂದಲೇ ಇದನ್ನು ಗಂಭೀರವಾಗಿ ಪರಿಗಣಿಸುವವರು ವಿರಳ.

ಗಂಭೀರವಾಗಿ ಪರಿಗಣಿಸಿದವರೂ ಬಹುಮಟ್ಟಿಗೆ ಮಾಡುವುದು ಒಂದೇ ಕೆಲಸ. ಪರಿಚಿತರೊಬ್ಬರು ತೂಕ ಇಳಿಸಿಕೊಂಡ ಪಥ್ಯವನ್ನು ತಾವೂ ಹಿಡಿಯುವುದು. ಒಬ್ಬರು ಅನ್ನ ಬಿಡುತ್ತಾರೆ, ಇನ್ನೊಬ್ಬರು ರಾತ್ರಿಯೂಟ ಬಿಡುತ್ತಾರೆ, ಮತ್ತೊಬ್ಬರು ಸಿರಿಧಾನ್ಯದ ಮೊರೆ ಹೋಗುತ್ತಾರೆ. ಎರಡು ತಿಂಗಳಲ್ಲಿ ಉತ್ಸಾಹ ಇಳಿದು ಎಲ್ಲವೂ ಯಥಾಸ್ಥಿತಿಗೆ ಮರಳುತ್ತದೆ. ಪಥ್ಯ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ಆ ವ್ಯಕ್ತಿಯ ದೇಹಕ್ಕೂ ದಿನಚರಿಗೂ ಅಡುಗೆಮನೆಗೂ ಹೊಂದುವಂಥದ್ದಾಗಿರಲಿಲ್ಲ.

ಐದರಲ್ಲಿ ಮೂರು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಈ ಲಕ್ಷಣಗಳಿಗೆಲ್ಲ ಒಂದೇ ಬೇರು ಇರಬಹುದೆಂದು ವಾದಿಸಿ, ಅದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಮುಂದೆ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ವ್ಯಾಖ್ಯೆಗಳನ್ನು ನೀಡಿದವು. 2009ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ, ಅಮೆರಿಕದ ಹೃದಯ ಸಂಘ ಮೊದಲಾದ ಸಂಸ್ಥೆಗಳು ಸೇರಿ ಒಮ್ಮತದ ಮಾನದಂಡವೊಂದನ್ನು ಪ್ರಕಟಿಸಿದವು. ಅದರ ಪ್ರಕಾರ ಕೆಳಗಿನ ಐದರಲ್ಲಿ ಯಾವುದೇ ಮೂರು ಇದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್.

1. ಸೊಂಟದ ಸುತ್ತಳತೆ: ದಕ್ಷಿಣ ಏಷ್ಯಾದ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು.

2. ಟ್ರೈಗ್ಲಿಸರೈಡ್: ಪ್ರತಿ ಡೆಸಿಲೀಟರ್ ರಕ್ತದಲ್ಲಿ 150 ಮಿ.ಗ್ರಾಂ ಅಥವಾ ಹೆಚ್ಚು.

3. ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್: ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50 ಮಿ.ಗ್ರಾಂಗಿಂತ ಕಡಿಮೆ.

4. ರಕ್ತದೊತ್ತಡ: ಮೇಲಿನ ಅಂಕಿ 130 ಅಥವಾ ಕೆಳಗಿನ ಅಂಕಿ 85, ಇಲ್ಲವೇ ಅದಕ್ಕಿಂತ ಹೆಚ್ಚು.

5. ಖಾಲಿ ಹೊಟ್ಟೆಯ ಸಕ್ಕರೆ: 100 ಮಿ.ಗ್ರಾಂ ಅಥವಾ ಹೆಚ್ಚು.

ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ ಅಥವಾ ಸಕ್ಕರೆಗೆ ಈಗಾಗಲೇ ಮಾತ್ರೆ ಸೇವಿಸುತ್ತಿದ್ದು ಅಂಕಿ ಹತೋಟಿಯಲ್ಲಿದ್ದರೂ ಆ ಅಂಶ ಲೆಕ್ಕಕ್ಕೆ ಬರುತ್ತದೆ. ಈ ಪಟ್ಟಿಯಲ್ಲಿ ದೇಹದ ತೂಕ ಇಲ್ಲವೆಂಬುದು ಗಮನಾರ್ಹ. ಅದರ ಸ್ಥಾನದಲ್ಲಿರುವುದು ಸೊಂಟದ ಅಳತೆ. ಅದಕ್ಕೆ ದರ್ಜಿಯ ಟೇಪೊಂದಿದ್ದರೆ ಸಾಕು. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆಯದೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿಗಳ ನಡುವೆ, ಸಹಜವಾಗಿ ಉಸಿರು ಬಿಟ್ಟ ಸ್ಥಿತಿಯಲ್ಲಿ ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ಅಳೆಸಿಕೊಂಡವರೇ.

ಒಳಗೆ ನಡೆಯುವುದೇನು?

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಸ್ನಾಯುಗಳಿಗೂ ಇತರ ಅಂಗಗಳಿಗೂ ತಲುಪಿಸಲು ಇನ್ಸುಲಿನ್ ಹಾರ್ಮೋನು ಬೇಕು. ಸ್ನಾಯುಗಳಿಗೆ ದುಡಿಮೆ ಇಲ್ಲದೆ, ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಆಹಾರ ವರ್ಷಗಟ್ಟಲೆ ಬರುತ್ತಿದ್ದರೆ ಚರ್ಮದಡಿಯ ಕೊಬ್ಬಿನ ಉಗ್ರಾಣ ತುಂಬಿ, ಮಿಕ್ಕ ಕೊಬ್ಬು ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಶೇಖರವಾಗತೊಡಗುತ್ತದೆ. ಆಗ ಇನ್ಸುಲಿನ್‌ನ ಮಾತನ್ನು ಅಂಗಗಳು ಮೊದಲಿನಂತೆ ಕೇಳುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲಕಾಲ ಪರಿಸ್ಥಿತಿ ನಿಭಾಯಿಸುತ್ತದೆ.

ಈ ಹೆಣಗಾಟದ ಪರಿಣಾಮಗಳೇ ತಪಾಸಣಾ ವರದಿಯ ಅಂಕಿಗಳು. ಕೊಬ್ಬು ತುಂಬಿದ ಯಕೃತ್ತು ಹೆಚ್ಚು ಟ್ರೈಗ್ಲಿಸರೈಡನ್ನು ರಕ್ತಕ್ಕೆ ಕಳುಹಿಸುತ್ತದೆ. ಅದು ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ. ಹೆಚ್ಚಿದ ಇನ್ಸುಲಿನ್‌ನಿಂದ ಮೂತ್ರಪಿಂಡಗಳು ಉಪ್ಪಿನಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ. ಮೇದೋಜೀರಕ ಗ್ರಂಥಿ ದಣಿದಾಗ ಸಕ್ಕರೆಯ ಪ್ರಮಾಣವೂ ಹೆಚ್ಚುತ್ತದೆ. ಅಲ್ಟ್ರಾಸೌಂಡ್ ವರದಿಯಲ್ಲಿ ಇತ್ತೀಚೆಗೆ ಪದೇ ಪದೇ ಕಾಣುವ ‘ಫ್ಯಾಟಿ ಲಿವರ್’ ಕೂಡ ಇದೇ ಕಥೆಯ ಇನ್ನೊಂದು ಅಧ್ಯಾಯ. ಮದ್ಯಪಾನ ಮಾಡದವರಲ್ಲೂ ಅದು ಕಾಣಿಸಿಕೊಳ್ಳಲು ಕಾರಣ ಇದೇ.

ತೆಳ್ಳಗಿದ್ದವರಿಗೂ ತಪ್ಪಿದ್ದಲ್ಲ

ಭಾರತೀಯರ ಮಟ್ಟಿಗೆ ಈ ಕಥೆ ಇನ್ನಷ್ಟು ಜಟಿಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದ್ದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ಶೇ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಅದು ಶೇ 21.2. ನೋಡಲು ತೆಳ್ಳಗಿದ್ದರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ಭಾರತೀಯ ದೇಹಪ್ರಕೃತಿಗೆ ಇದು ಪ್ರಸಿದ್ಧ ಉದಾಹರಣೆಯಾಯಿತು. ಈ ಕಾರಣದಿಂದಲೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು 2009ರ ದೇಶೀಯ ಮಾರ್ಗಸೂಚಿ ನಿಗದಿಪಡಿಸಿತು.

ಇದರ ಬೇರು ಕೆಲವರಲ್ಲಿ ತಾಯಿಯ ಗರ್ಭದವರೆಗೂ ಚಾಚಿದೆ. ಈ ವಿಷಯದಲ್ಲಿ ಮೈಸೂರಿನ ಕೊಡುಗೆ ಸ್ಮರಣೀಯ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದವರ ಜನನಕಾಲದ ತೂಕ, ಉದ್ದ ಮೊದಲಾದ ದಾಖಲೆಗಳು ಜೋಪಾನವಾಗಿದ್ದವು. ಅವರಲ್ಲಿ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದ ಸಂಶೋಧಕರು, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚಾಗಿ ಕಾಣಿಸಿಕೊಂಡದ್ದನ್ನು 1996ರಲ್ಲಿ ವರದಿ ಮಾಡಿದರು. ಹುಟ್ಟಿನ ತೂಕವನ್ನು ಈಗ ಬದಲಾಯಿಸಲಾಗದು. ಆದರೆ ತಾನು ಕಡಿಮೆ ತೂಕದ ಮಗುವಾಗಿದ್ದೆ ಎಂದು ತಿಳಿದವರು, ತಂದೆತಾಯಿಗೆ ಮಧುಮೇಹವಿದ್ದವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಮೂವತ್ತರ ಹರೆಯದಲ್ಲೇ ತಪಾಸಣೆ ಆರಂಭಿಸುವುದು ಸೂಕ್ತ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಿಂದ ದೇಶದಾದ್ಯಂತ ನಡೆದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 15.3 ಮಂದಿಗೆ ಮಧುಮೇಹದ ಪೂರ್ವಸ್ಥಿತಿ, ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಒಟ್ಟಾರೆ ಬೊಜ್ಜು ಶೇ 28.6ರಷ್ಟಿದ್ದರೆ ಹೊಟ್ಟೆಯ ಬೊಜ್ಜು ಶೇ 39.5ರಷ್ಟಿದೆ. ಈ ಕೊನೆಯ ಎರಡು ಅಂಕಿಗಳ ಅಂತರವೇ ತಕ್ಕಡಿಯನ್ನು ಮಾತ್ರ ನಂಬಿದರೆ ಎಷ್ಟು ಜನ ಕಣ್ತಪ್ಪಿ ಹೋಗುತ್ತಾರೆಂಬುದನ್ನು ಹೇಳುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿನಲ್ಲಿ, ಅಂದರೆ ಇತರ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುತ್ತದೆಂದು 52 ರಾಷ್ಟ್ರಗಳ ಇಂಟರ್‌ಹಾರ್ಟ್ ಅಧ್ಯಯನ ತಿಳಿಸಿತ್ತು. ಮಕ್ಕಳ ಓದು, ಮನೆಯ ಸಾಲ ಇನ್ನೂ ಮುಗಿಯದ ವಯಸ್ಸದು.

ಒಂದೇ ಊಟ, ಬೇರೆ ಬೇರೆ ಪರಿಣಾಮ

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಸುಮಾರು 800 ಮಂದಿಯ ರಕ್ತದ ಸಕ್ಕರೆಯನ್ನು ಒಂದು ವಾರ ಸತತವಾಗಿ ಅಳೆದರು. ಒಂದೇ ಬಗೆಯ ತಿಂಡಿ ತಿಂದರೂ ಒಬ್ಬೊಬ್ಬರಲ್ಲಿ ಸಕ್ಕರೆ ಏರಿದ ಪ್ರಮಾಣ ಬೇರೆ ಬೇರೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರೆಡಿಕ್ಟ್ ಅಧ್ಯಯನದಲ್ಲಿ ತದ್ರೂಪಿ ಅವಳಿಗಳಲ್ಲೂ ಇಂಥ ವ್ಯತ್ಯಾಸ ಕಂಡುಬಂತು. ಕರುಳಿನ ಸೂಕ್ಷ್ಮಾಣುಗಳು, ನಿದ್ರೆ, ಊಟದ ಸಮಯ, ದೈಹಿಕ ಚಟುವಟಿಕೆ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ.

ಈ ಸಂಶೋಧನೆಗಳ ಬೆನ್ನಲ್ಲೇ ‘ನಿಮ್ಮ ವಂಶವಾಹಿ ನೋಡಿ ಆಹಾರ ಹೇಳುತ್ತೇವೆ’ ಎಂಬ ದುಬಾರಿ ಪರೀಕ್ಷೆಗಳ ಮಾರುಕಟ್ಟೆಯೂ ಬೆಳೆದಿದೆ. ಆದರೆ ಸ್ಟ್ಯಾನ್‌ಫರ್ಡ್‌ನಲ್ಲಿ 609 ಮಂದಿಯ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶ ಅದಕ್ಕೆ ಪೂರಕವಾಗಿಲ್ಲ. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಕಾರ್ಬೊಹೈಡ್ರೇಟ್ ಕಡಿಮೆ ಮಾಡಿದವರು 6 ಕೆ.ಜಿ. ಇಳಿದರು, ಈ ಅಂತರ ಗಣನೀಯವಲ್ಲ. ಯಾರಿಗೆ ಯಾವ ಪಥ್ಯ ಒಗ್ಗುತ್ತದೆಂಬುದನ್ನು ಅಲ್ಲಿ ಪರಿಶೀಲಿಸಿದ ವಂಶವಾಹಿ ಮಾದರಿಗಳಾಗಲೀ ಇನ್ಸುಲಿನ್ ಮಟ್ಟವಾಗಲೀ ಮುಂಚಿತವಾಗಿ ಹೇಳಲಿಲ್ಲ. ಆದರೆ ಎರಡೂ ಗುಂಪುಗಳ ಒಳಗೆ ಬಹಳ ಇಳಿದವರೂ ಇದ್ದರು, ತೂಕ ಹೆಚ್ಚಿಸಿಕೊಂಡವರೂ ಇದ್ದರು.

ಇದರಿಂದ ಹೊರಡುವ ತಾತ್ಪರ್ಯ ಸರಳ. ವ್ಯಕ್ತಿಗೆ ತಕ್ಕ ಪಥ್ಯವೆಂದರೆ ಪ್ರಯೋಗಾಲಯದಿಂದ ಅಂಚೆಯಲ್ಲಿ ಬರುವ ಪಟ್ಟಿಯಲ್ಲ. ಐದರಲ್ಲಿ ತನಗೆ ಹದತಪ್ಪಿದ ಅಂಕಿಗಳು ಯಾವುವು, ಅವನ್ನು ಏರಿಸುತ್ತಿರುವ ಅಭ್ಯಾಸ ಯಾವುದು, ಅದರಲ್ಲಿ ವರ್ಷಗಟ್ಟಲೆ ನಿಭಾಯಿಸಬಹುದಾದ ಬದಲಾವಣೆ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಅದು.

ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕೇ?

ಕರ್ನಾಟಕದಲ್ಲಿ ಹೆಚ್ಚು ಪ್ರಚಲಿತವಾದ ಸಲಹೆ ‘ಅನ್ನ ಬಿಡಿ, ರಾಗಿ ತಿನ್ನಿ’ ಎಂಬುದು. ರಾಗಿಯಲ್ಲಿ ಸುಣ್ಣದ ಅಂಶ, ನಾರು ಹೆಚ್ಚೆಂಬುದು ನಿಜ. ಆದರೆ 100 ಗ್ರಾಂ ರಾಗಿಯಿಂದ ದೊರೆಯುವ ಶಕ್ತಿ 100 ಗ್ರಾಂ ಅಕ್ಕಿಯಿಂದ ದೊರೆಯುವ ಶಕ್ತಿಗಿಂತ ತೀರಾ ಕಡಿಮೆಯೇನಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ ಕೂಡ. ಒಂದು ತಟ್ಟೆ ಅನ್ನದ ಬದಲು ಎರಡು ದೊಡ್ಡ ಮುದ್ದೆ ಉಂಡರೆ ದೇಹಕ್ಕೆ ಲಾಭವೇನೂ ಇಲ್ಲ.

ಇಂಡಿಯಾಬ್ ಸಮೀಕ್ಷೆಯ ಆಹಾರ ಕುರಿತ ಭಾಗ 2025ರಲ್ಲಿ ಪ್ರಕಟವಾದಾಗ ಇದೇ ಅಂಶ ಸ್ಪಷ್ಟವಾಯಿತು. ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62 ಪಾಲು ಕಾರ್ಬೊಹೈಡ್ರೇಟಿನಿಂದ ಬರುತ್ತದೆ. ಪ್ರೊಟೀನಿನ ಪಾಲು ಸುಮಾರು ಶೇ 12 ಮಾತ್ರ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದ ಮಾತ್ರಕ್ಕೆ ಮಧುಮೇಹದ ಸಂಭವ ತಗ್ಗುವಂತೆ ಕಂಡುಬರಲಿಲ್ಲ. ಧಾನ್ಯದ ಒಟ್ಟು ಪ್ರಮಾಣವನ್ನೇ ತುಸು ಇಳಿಸಿ, ಆ ಜಾಗದಲ್ಲಿ ಬೇಳೆಕಾಳು, ಹಾಲು-ಮೊಸರಿನಂಥ ಪ್ರೊಟೀನ್ ಸೇರಿಸುವ ಲೆಕ್ಕದಲ್ಲಿ ಮಾತ್ರ ಸಂಭವ ಕಡಿಮೆಯಾಗುವುದು ಕಂಡಿತು.

ಅಂದರೆ ಜೋಳದ ರೊಟ್ಟಿಯ ಉತ್ತರ ಕರ್ನಾಟಕದವರು, ಮುದ್ದೆಯ ಹಳೇ ಮೈಸೂರಿನವರು, ಕುಚ್ಚಲಕ್ಕಿಯ ಕರಾವಳಿಯವರು ತಮ್ಮ ಧಾನ್ಯವನ್ನು ತೊರೆಯಬೇಕಾಗಿಲ್ಲ. ತಟ್ಟೆಯಲ್ಲಿ ಅದರ ಪಾಲನ್ನು ಕಡಿಮೆ ಮಾಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯಕ್ಕೆ 400 ಗ್ರಾಂ ಸೊಪ್ಪು-ತರಕಾರಿ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ ಇರಬೇಕೆಂದಿದೆ. ಹೆಚ್ಚಿನ ಮನೆಗಳ ಊಟದಲ್ಲಿ ಈ ಪ್ರಮಾಣ ತಲೆಕೆಳಗಾಗಿರುತ್ತದೆ. ತಟ್ಟೆ ತುಂಬ ಅನ್ನ, ಮೂಲೆಯಲ್ಲೊಂದು ಚಮಚ ಪಲ್ಯ.

ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯಗಳು ಮೊದಲು ಬಡಿಸಲ್ಪಡುತ್ತವೆ. ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದು ಆನಂತರ ಅನ್ನಕ್ಕೆ ಕೈಹಾಕಿದರೆ ಊಟದ ನಂತರದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ಕೋಸಂಬರಿಯನ್ನು ಹಬ್ಬಕ್ಕೆ ಸೀಮಿತಗೊಳಿಸದೆ ದಿನವೂ ಒಂದು ಬಟ್ಟಲಿನಷ್ಟು ಮಾಡಿಕೊಂಡರೆ ಅದೇ ಒಂದು ಚಿಕಿತ್ಸೆ.

ಯಾವ ಅಂಕಿಗೆ ಯಾವ ಬದಲಾವಣೆ?

ಟ್ರೈಗ್ಲಿಸರೈಡ್ ಹೆಚ್ಚಿದ್ದರೆ: ಹಲವರು ತಕ್ಷಣ ಎಣ್ಣೆ, ತುಪ್ಪ ಬಿಡುತ್ತಾರೆ. ಆದರೆ ಇಲ್ಲಿ ಮುಖ್ಯ ಆರೋಪಿಗಳು ಸಕ್ಕರೆ, ತಂಪು ಪಾನೀಯ, ಹಣ್ಣಿನ ರಸ, ಮೈದಾ, ಅತಿಯಾದ ಧಾನ್ಯ ಮತ್ತು ಮದ್ಯ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆಯಾದರೆ ಎಂಟು ಚಮಚ, ಅಂದರೆ 30 ಗ್ರಾಂಗೂ ಹೆಚ್ಚು. ಬೆಲ್ಲವೂ ಜೇನುತುಪ್ಪವೂ ಇದಕ್ಕೆ ಹೊರತಲ್ಲ. ಈ ಅಂಕಿ 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವಿರುವುದರಿಂದ ಪಥ್ಯದೊಂದಿಗೆ ವೈದ್ಯರ ಚಿಕಿತ್ಸೆಯೂ ಕಡ್ಡಾಯ.

ರಕ್ತದೊತ್ತಡ ಹೆಚ್ಚಿದ್ದರೆ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ಖಾರ ತಿನಿಸುಗಳ ಉಪ್ಪು ಲೆಕ್ಕಕ್ಕೆ ಸಿಗದೆ ಜಾರಿಕೊಳ್ಳುತ್ತದೆ. ಮಜ್ಜಿಗೆಗೂ ಅನ್ನಕ್ಕೂ ಮತ್ತೆ ಉಪ್ಪು ಬೆರೆಸುವ ರೂಢಿ ಬಿಟ್ಟರೇ ದೊಡ್ಡ ವ್ಯತ್ಯಾಸ. ಸೊಪ್ಪು, ತರಕಾರಿ, ಹಣ್ಣುಗಳ ಪೊಟ್ಯಾಸಿಯಂ ಒತ್ತಡ ಇಳಿಸಲು ನೆರವಾಗುತ್ತದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಸಕ್ಕರೆ ಹೆಚ್ಚಿದ್ದರೆ: ಪ್ರತಿ ಊಟದಲ್ಲಿ ಧಾನ್ಯದ ಅಳತೆ ನಿಗದಿಪಡಿಸಿಕೊಳ್ಳುವುದು, ಊಟವಾದ ಕೂಡಲೇ ಕುಳಿತುಬಿಡದೆ ಹತ್ತು-ಹದಿನೈದು ನಿಮಿಷ ನಡೆಯುವುದು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಸರಳ ಪರೀಕ್ಷೆಯೊಂದನ್ನು ಮಾಡಬಹುದು. ಒಂದು ದಿನ ಎಂದಿನಂತೆ ನಾಲ್ಕು ಇಡ್ಲಿ ತಿಂದು ಎರಡು ಗಂಟೆಯ ನಂತರದ ಸಕ್ಕರೆ ಬರೆದಿಡುವುದು; ಇನ್ನೊಂದು ದಿನ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರ್, ಮೊಳಕೆಕಾಳು ತಿಂದು ಮತ್ತೆ ನೋಡುವುದು. ತನ್ನ ದೇಹ ಯಾವುದಕ್ಕೆ ಹೇಗೆ ಸ್ಪಂದಿಸುತ್ತದೆಂಬುದು ಇಂಥ ನಾಲ್ಕಾರು ಪರೀಕ್ಷೆಗಳಲ್ಲೇ ತಿಳಿದುಬರುತ್ತದೆ.

ಎಚ್‌ಡಿಎಲ್ ಕಡಿಮೆ ಇದ್ದರೆ: ಅದನ್ನು ನೇರವಾಗಿ ಏರಿಸುವ ಆಹಾರ ಹುಡುಕಿ ಪ್ರಯೋಜನವಿಲ್ಲ. ಧೂಮಪಾನ ತ್ಯಜಿಸುವುದು, ನಿತ್ಯ ವ್ಯಾಯಾಮ, ಟ್ರೈಗ್ಲಿಸರೈಡ್ ಇಳಿಕೆ ಇವುಗಳಿಂದ ಅದು ನಿಧಾನವಾಗಿ ಸುಧಾರಿಸುತ್ತದೆ.

ಸೊಂಟದ ಸುತ್ತಳತೆ ಹೆಚ್ಚಿದ್ದರೆ: ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವ ಆಸನವಾಗಲೀ ಕಷಾಯವಾಗಲೀ ಬೆಲ್ಟ್ ಆಗಲೀ ಇಲ್ಲ. ಒಟ್ಟು ತೂಕದ ಶೇ 5ರಿಂದ 7ರಷ್ಟು ಇಳಿದರೂ ಒಳಗಿನ ಕೊಬ್ಬು ಗಮನಾರ್ಹವಾಗಿ ತಗ್ಗುತ್ತದೆ. 76 ಕೆ.ಜಿ. ತೂಗುವವರಿಗೆ ಇದು ನಾಲ್ಕೈದು ಕೆ.ಜಿ. ಮಾತ್ರ.

ಮೂರು ಮನೆ, ಮೂರು ದಾರಿ

ಇದು ಆಚರಣೆಯಲ್ಲಿ ಹೇಗೆ ಬೇರೆಯಾಗುತ್ತದೆಂದು ತಿಳಿಯಲು ಮೂರು ಕಲ್ಪಿತ ಉದಾಹರಣೆಗಳನ್ನು ನೋಡಬಹುದು.

ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ 34 ವರ್ಷದ ಯುವಕ. ಸೊಂಟ 93 ಸೆಂ.ಮೀ., ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 34; ಸಕ್ಕರೆ, ರಕ್ತದೊತ್ತಡ ಸರಿಯಾಗಿವೆ. ನಡುರಾತ್ರಿ ಎರಡು ಗಂಟೆಗೆ ಬಿರಿಯಾನಿ, ನಿದ್ದೆ ತಡೆಯಲು ಸಿಹಿ ಕಾಫಿ, ವಾರಾಂತ್ಯದಲ್ಲಿ ಬಿಯರ್. ರಾತ್ರಿಯ ಹೊತ್ತು ದೇಹ ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಕಡಿಮೆ. ಇವರಿಗೆ ‘ಬೆಳಗ್ಗೆ ಐದಕ್ಕೆ ಎದ್ದು ನಡೆಯಿರಿ’ ಎಂಬ ಸಲಹೆ ನಿರರ್ಥಕ. ಮುಖ್ಯ ಊಟವನ್ನು ಪಾಳಿಗೆ ಹೊರಡುವ ಮುನ್ನವೇ ಮುಗಿಸಿ, ನಡುರಾತ್ರಿಗೆ ಮಜ್ಜಿಗೆ, ಬೇಯಿಸಿದ ಮೊಟ್ಟೆ ಅಥವಾ ಕಡಲೆಕಾಳು, ಸಕ್ಕರೆಯಿಲ್ಲದ ಚಹಾ ಇಟ್ಟುಕೊಳ್ಳುವುದು, ಮದ್ಯ ಬಿಡುವುದು, ಹಗಲು ಕತ್ತಲ ಕೋಣೆಯಲ್ಲಿ ಏಳು ಗಂಟೆ ನಿದ್ರಿಸಿ, ಎದ್ದ ಮೇಲೆ ವ್ಯಾಯಾಮ ಮಾಡುವುದು ಇವರ ದಾರಿ.

ಹುಬ್ಬಳ್ಳಿಯ 48 ವರ್ಷದ ಗೃಹಿಣಿ. ಸೊಂಟ 88 ಸೆಂ.ಮೀ., ರಕ್ತದೊತ್ತಡ 138/88, ಸಕ್ಕರೆ 106. ಎಲ್ಲರಿಗೂ ಬಡಿಸಿ ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತೂವರೆಗೆ ಊಟ. ಉಳಿದದ್ದನ್ನು ಚೆಲ್ಲಲಾಗದೆ ತಾನೇ ತಿನ್ನುವ ರೂಢಿ. ಪ್ರತಿ ಊಟಕ್ಕೂ ಉಪ್ಪಿನಕಾಯಿ. ಇವರಿಗೆ ಪ್ರತ್ಯೇಕ ಪಥ್ಯದ ಪಟ್ಟಿ ಕೊಟ್ಟರೆ ಅದು ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಉಳಿಯುತ್ತದೆ. ಮನೆಮಂದಿಗೆಲ್ಲ ಉಪ್ಪು ಕಡಿಮೆಯಾಗಬೇಕು, ರೊಟ್ಟಿಯ ಜತೆ ಕಾಳುಪಲ್ಯ, ಹಸಿ ತರಕಾರಿ ಹೆಚ್ಚಬೇಕು, ರಾತ್ರಿ ಎಂಟರೊಳಗೆ ಎಲ್ಲರೂ ಒಟ್ಟಿಗೆ ಕೂರಬೇಕು. ದಿನಕ್ಕೆ ಅರ್ಧ ಗಂಟೆ ನಡೆಯಲು ಅವರಿಗೆ ಬಿಡುವು ಮಾಡಿಕೊಡುವುದು ಮನೆಯವರ ಪಾಲಿನ ಚಿಕಿತ್ಸೆ. ಮನೆಗೆಲಸವೇ ವ್ಯಾಯಾಮವೆಂಬ ಮಾತು ಇಲ್ಲಿ ಸಲ್ಲದು.

ಮಂಗಳೂರಿನ 67 ವರ್ಷದ ನಿವೃತ್ತ ನೌಕರರು. ಸಪೂರ ದೇಹ, ಸೊಂಟ 86 ಸೆಂ.ಮೀ., ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಾರೆ. ಸಕ್ಕರೆ 118, ಎಚ್‌ಡಿಎಲ್ 36. ಇವರು ಊಟ ಕಡಿಮೆ ಮಾಡಿ ಇನ್ನಷ್ಟು ಇಳಿದರೆ ಕರಗುವುದು ಸ್ನಾಯು. ಬೇಕಾಗಿರುವುದು ತೂಕ ಇಳಿಕೆಯಲ್ಲ, ಶಕ್ತಿ. ಕುಚ್ಚಲಕ್ಕಿ ಅನ್ನ ತುಸು ತಗ್ಗಿಸಿ ಮೀನು, ಮೊಸರು, ಹೆಸರುಕಾಳು, ಹುರುಳಿ ಹೆಚ್ಚಿಸುವುದು; ನಡಿಗೆಯ ಜತೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಒರಗಿ ದಂಡ ತೆಗೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಇವರಿಗೆ ಹಿತ.

ಮೂವರಿಗೂ ಒಂದೇ ರೋಗನಾಮ. ಆದರೆ ಒಬ್ಬರ ಪಥ್ಯ ಇನ್ನೊಬ್ಬರಿಗೆ ನಿಷ್ಫಲ, ಮೂರನೆಯವರಿಗೆ ಅಪಾಯಕಾರಿಯೂ ಹೌದು.

ನಡಿಗೆಯಷ್ಟೇ ಸಾಲದು

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಕನಿಷ್ಠ ಗುರಿ. ಹರಟೆ ಹೊಡೆಯುತ್ತ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು ಇದರಲ್ಲಿ ಸೇರುವುದಿಲ್ಲ. ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ವೇಗವಿರಬೇಕು. ಊಟದ ನಂತರದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಆದ್ದರಿಂದ ಸಹಜವಾಗಿ ಸ್ನಾಯು ಕಡಿಮೆ ಇರುವ ಭಾರತೀಯರಿಗೆ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ಅಥವಾ ದೇಹದ ಭಾರವನ್ನೇ ಬಳಸುವ ವ್ಯಾಯಾಮ ಅಗತ್ಯ.

ನಿದ್ರೆಗೆಟ್ಟರೆ ಇನ್ಸುಲಿನ್ ಪ್ರತಿರೋಧ ಹೆಚ್ಚುತ್ತದೆ, ಮರುದಿನ ಹಸಿವೂ ಹೆಚ್ಚುತ್ತದೆ. ಜೋರಾಗಿ ಗೊರಕೆ ಹೊಡೆಯುವವರು, ನಿದ್ರೆಯಲ್ಲಿ ಉಸಿರು ಕಟ್ಟಿದಂತಾಗಿ ಏಳುವವರು ಅದನ್ನು ಹಾಸ್ಯದ ವಿಷಯವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡ ಇಳಿಯದಿರಲು ಅದೂ ಕಾರಣವಾಗಿರಬಹುದು.

ಫಲ ಎಷ್ಟು?

ಅಮೆರಿಕದ ಮಧುಮೇಹ ತಡೆ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ತೂಕವನ್ನು ಶೇ 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಪಡೆದವರಲ್ಲಿ ಮಧುಮೇಹ ಶೇ 58ರಷ್ಟು ಕಡಿಮೆಯಾಗಿತ್ತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಇಳಿಕೆ ಶೇ 31. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಪ್ರಯೋಗದಲ್ಲಿ ಜೀವನಶೈಲಿ ಬದಲಾವಣೆಯಿಂದ ಶೇ 28.5ರಷ್ಟು ಇಳಿಕೆ ಕಂಡುಬಂತು. ಈ ಫಲ ಅಮೆರಿಕದಷ್ಟಿಲ್ಲ. ಆದರೆ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೂ ಇಷ್ಟು ಫಲ ದೊರೆಯಿತೆಂಬುದು ತಕ್ಕಡಿ ನೋಡಿ ನಿರಾಶರಾಗುವವರಿಗೆ ಧೈರ್ಯ ತುಂಬುವ ಸಂಗತಿ.

ಟಿರ್ಜೆಪಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ತೀವ್ರ ಬೊಜ್ಜು ಇರುವವರಿಗೆ ವೈದ್ಯರ ನಿಗಾದಲ್ಲಿ ಅವು ಪರಿಣಾಮಕಾರಿ. ಆದರೆ ಔಷಧ ನಿಲ್ಲಿಸಿದರೆ ತೂಕದ ಬಹುಪಾಲು ಮರಳುವುದು ಸಾಮಾನ್ಯವಾದ್ದರಿಂದ ಊಟ, ವ್ಯಾಯಾಮದ ಶಿಸ್ತಿಗೆ ಅವು ಬದಲಿಯಾಗಲಾರವು.

ಇವರು ಜಾಗರೂಕರಾಗಿರಬೇಕು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಪಡೆಯುವವರು ಏಕಾಏಕಿ ಉಪವಾಸ ಆರಂಭಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಎಸ್‌ಜಿಎಲ್‌ಟಿ-2 ವರ್ಗದ ಮಾತ್ರೆ ಸೇವಿಸುವವರು ಧಾನ್ಯ ಸಂಪೂರ್ಣ ಬಿಡುವ ಕೀಟೋ ಪಥ್ಯಕ್ಕೆ ಇಳಿಯಬಾರದು. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೊಟೀನ್ ಪ್ರಮಾಣವನ್ನು ವೈದ್ಯರಿಂದಲೇ ನಿಗದಿಪಡಿಸಿಕೊಳ್ಳಬೇಕು. ಗರ್ಭಿಣಿಯರಿಗೆ ತೂಕ ಇಳಿಸುವ ಯಾವ ಪಥ್ಯವೂ ಸಲ್ಲದು. ನಡೆಯುವಾಗ ಎದೆ ಹಿಡಿದಂತಾದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ಹೃದಯ ತಪಾಸಣೆಗೆ ಧಾವಿಸಬೇಕು. ರಕ್ತದೊತ್ತಡ ಅಥವಾ ಕೊಲೆಸ್ಟ್ರಾಲ್ ಮಾತ್ರೆಗಳನ್ನು ‘ಪಥ್ಯ ಆರಂಭಿಸಿದ್ದೇನಲ್ಲ’ ಎಂಬ ನಂಬಿಕೆಯಿಂದ ತಾವಾಗಿ ನಿಲ್ಲಿಸುವುದು ಅತ್ಯಂತ ಅಪಾಯಕಾರಿ.

ಆರಂಭ ಹೇಗೆ?

ಬೀರು ಸೇರಿದ ಹಳೆಯ ವರದಿಯನ್ನು ಹೊರತೆಗೆದು ಐದು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯುವುದು ಮೊದಲ ಹೆಜ್ಜೆ. ಮೂರು ದಿನ, ಅದರಲ್ಲಿ ಒಂದು ಭಾನುವಾರವಿರಲಿ, ತಿಂದದ್ದನ್ನೂ ಕುಡಿದದ್ದನ್ನೂ ಸಮಯದೊಂದಿಗೆ ಬರೆದಿಡುವುದು ಎರಡನೆಯದು. ಎರಡನ್ನೂ ವೈದ್ಯರ ಅಥವಾ ಆಹಾರತಜ್ಞರ ಮುಂದಿಟ್ಟರೆ ಹಿಡಿಯಬೇಕಾದ ದಾರಿ ಬಹುಮಟ್ಟಿಗೆ ತಾನಾಗಿ ಕಾಣುತ್ತದೆ. ಒಮ್ಮೆಗೆ ಹತ್ತು ಬದಲಾವಣೆ ಬೇಡ, ಎರಡು ಸಾಕು. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ರಕ್ತದೊತ್ತಡ, ಸೊಂಟದಳತೆ ಇವನ್ನು ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಅಂಕಿ ಇಳಿದಿದ್ದರೆ ದಾರಿ ಸರಿಯಿದೆ. ಇಳಿದಿಲ್ಲವಾದರೆ ತನ್ನನ್ನು ಹಳಿದುಕೊಳ್ಳದೆ ಪಥ್ಯವನ್ನು ಬದಲಾಯಿಸಬೇಕು.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಇಲ್ಲಿ ಬಲ್ಲವನಾಗಬೇಕಾದದ್ದು ತನ್ನ ಊಟವನ್ನೇ ಹೊರತು ಪಕ್ಕದ ಮನೆಯ ಊಟವನ್ನಲ್ಲ.